ಶಾಸಕರೇ, ಆ ಕಾಲುವೆಗೆ ಮಣ್ಣು ಸುರಿಯೋದನ್ನು ಮೊದಲು ನಿಲ್ಲಿಸಿ

ಮಾನ್ಯ ಶಾಸಕರಿಗೆ,
ಸೋಲದೇವನಹಳ್ಳಿಯ ಮತದಾರನ ನಮಸ್ಕಾರಗಳು.

ಹೋದ ತಿಂಗಳು ನೀರಿನ ಟ್ಯಾಂಕರ್ ರಿವರ್ಸ್ ತೆಗೆಯುವಾಗ ಹಿಂದಿನ ಚಕ್ರ ಒಂದು ಹಳೆಯ ಇಟ್ಟಿಗೆ ಗೋಡೆಗೆ ತಾಗಿ ನಿಂತಿತು. ಡ್ರೈವರ್ ಇಳಿದು ಬಂದು, "ಏನ್ ಸಾರ್ ಇದು, ಯಾರದೋ ಹಳೇ ಕಾಂಪೌಂಡಾ?" ಅಂದ. ಕಾಂಪೌಂಡ್ ಅಲ್ಲ. ಬೆಂಗಳೂರು ಕುಡಿದ ಮೊದಲ ಕೊಳಾಯಿ ನೀರು ಹರಿದು ಬಂದ ಕಾಲುವೆ ಅದು. ಟ್ಯಾಂಕರ್ ಹೋಗಿ ಅದಕ್ಕೇ ಗುದ್ದಬೇಕಾ!

ಧಾತು ಈಶ್ವರ ವರ್ಷಗಳ ಬರದ ಹೊತ್ತಿಗೆ, ಅಂದರೆ 1876–78ರಲ್ಲಿ, ಬೆಂಗಳೂರು ನಂಬಿದ್ದು ಧರ್ಮಾಂಬುಧಿ, ಸಂಪಂಗಿಯಂಥ ಕೆರೆಗಳನ್ನು, ಬಾವಿಗಳನ್ನು. ಒಂದು ಕೆರೆ ಈಗ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್, ಇನ್ನೊಂದು ಕಂಠೀರವ ಸ್ಟೇಡಿಯಂ. ಮಳೆ ಕೈಕೊಟ್ಟರೆ ಗತಿಯೇನು ಅಂತ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಚನೆ ಶುರುವಾಯಿತು. 1894ರಲ್ಲಿ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಸುಮಾರು 18 ಕಿಲೋಮೀಟರ್ ದೂರದ ಊರಿಗೆ ನೀರು ತರುವ ಯೋಜನೆ ಬಂತು. ಅದಕ್ಕೆ ಚಾಮರಾಜೇಂದ್ರ ಒಡೆಯರ ಹೆಸರಿಟ್ಟರು. ಅವರು ಅದೇ ವರ್ಷದ ಡಿಸೆಂಬರ್‌ನಲ್ಲಿ ಕಲ್ಕತ್ತಾದಲ್ಲಿ ತೀರಿಕೊಂಡರು.

ಈ ಕಾಲುವೆಯ ಕೆಲಸ ನೋಡಿದರೆ ನನಗೆ ಈಗಲೂ ಖುಷಿ. ಕೆರೆಯಿಂದ ಸೋಲದೇವನಹಳ್ಳಿವರೆಗೆ ಮೋಟಾರ್ ಇಲ್ಲ, ಏನಿಲ್ಲ. ಇಟ್ಟಿಗೆ, ಗಾರೆ, ಒಂದಿಷ್ಟು ಇಳಿಜಾರು, ಅಷ್ಟೇ. ಇಳಿಜಾರು ಜಾಸ್ತಿಯಾದರೆ ನೀರು ರಭಸಕ್ಕೆ ಗೋಡೆ ಕೊರೆಯುತ್ತದೆ, ಕಮ್ಮಿಯಾದರೆ ಹೂಳು ಕೂರುತ್ತದೆ. ಆ ಅಳತೆಯನ್ನು ಮೈಲುಗಟ್ಟಲೆ ತಪ್ಪದೆ ಹಿಡಿಯಬೇಕು. ಇಲ್ಲಿಂದ ಮುಂದೆ ಹಬೆ ಯಂತ್ರಗಳು ನೀರನ್ನು ಗುಡ್ಡದ ಮೇಲಕ್ಕೆ ಎತ್ತುತ್ತಿದ್ದವು. ಅವುಗಳ ಹೊಗೆ ಕೊಳವೆಯಿಂದಲೇ ಚಿಮಣಿ ಹಿಲ್ಸ್ ಅನ್ನೋ ಹೆಸರು ಬಂದಿದ್ದು. ಅಲ್ಲಿಂದ ಮಲ್ಲೇಶ್ವರದ ಕಡೆಯ ಜ್ಯುವೆಲ್ ಫಿಲ್ಟರ್ ಅನ್ನೋ ನೀರು ಶುದ್ಧೀಕರಿಸುವ ಜಾಗಕ್ಕೆ, ಆಮೇಲೆ ಮನೆ ಮನೆಗೆ. ಈಗ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರ ಹತ್ತಿ ಬರುತ್ತದೆ. ಕರೆಂಟ್ ಬಿಲ್ ನಿಮಗೇ ಗೊತ್ತು.

1920ರ ದಶಕದಲ್ಲಿ ಹೆಸರಘಟ್ಟ ಬತ್ತಿತು. ತಿಪ್ಪಗೊಂಡನಹಳ್ಳಿ ಜಲಾಶಯ 1933ರಲ್ಲಿ ಬಂತು. 1974ರಲ್ಲಿ ಕಾವೇರಿ ಬಂದಳು. ಕಾಲುವೆಯನ್ನು ಎಲ್ಲರೂ ಮರೆತರು.

ಈಗ ಅದರ ಮೇಲೆ ಕಾಂಗ್ರೆಸ್ ಗಿಡ ಬೆಳೆದಿದೆ. (ಪಕ್ಷದ ಮಾತಲ್ಲ ಸ್ವಾಮಿ, ಗಿಡದ ಹೆಸರೇ ಹಾಗೆ.) ರಾತ್ರಿ ಹೊತ್ತು ಲಾರಿಗಳು ಬಂದು ಮನೆ ಒಡೆದ ಮಣ್ಣು, ಇಟ್ಟಿಗೆ ಚೂರು ಸುರಿದು ಹೋಗುತ್ತವೆ. ನಾನು ಒಂದು ಕಚೇರಿಗೆ ಎರಡು ಸಲ ಅರ್ಜಿ ಕೊಟ್ಟೆ. "ಅದು ನಮ್ಮ ಲಿಸ್ಟಲ್ಲಿಲ್ಲ" ಅಂದರು. ಲಿಸ್ಟಲ್ಲಿಲ್ಲದ್ದನ್ನು ಯಾರು ಬೇಕಾದರೂ ಹೂಳಬಹುದು, ಅಲ್ವಾ?

ನನಗೆ ಬಣ್ಣದ ದೀಪ, ಕಾರಂಜಿ, ಸೆಲ್ಫಿ ಪಾಯಿಂಟ್ ಯಾವುದೂ ಬೇಡ. ಕೆರೆಯಿಂದ ನಮ್ಮೂರವರೆಗೆ ಸರ್ವೆಯವರನ್ನು ನಡೆಸಿ, ಉಳಿದ ಭಾಗವನ್ನು ನಕ್ಷೆಯಲ್ಲಿ ಗುರುತು ಮಾಡಿಸಿ. ಅಲ್ಲಲ್ಲಿ ಕನ್ನಡದಲ್ಲಿ ಬೋರ್ಡ್ ಹಾಕಿಸಿ. ಮಣ್ಣು ಸುರಿದವರಿಗೆ ದಂಡ ಬೀಳಲಿ.

ಯಾವುದಾದರೂ ಭಾನುವಾರ ಬೆಳಿಗ್ಗೆ ಬನ್ನಿ, ನಾನೇ ತೋರಿಸುತ್ತೇನೆ. ಶೂ ಹಾಕಿಕೊಂಡು ಬನ್ನಿ, ಮುಳ್ಳು ಜಾಸ್ತಿ ಇದೆ.

ಇಂತಿ,
ಸೋಲದೇವನಹಳ್ಳಿಯ ಒಬ್ಬ ನಿವಾಸಿ