ಎತ್ತಿನ ಕಥೆ ಅರ್ಧಕ್ಕೆ ನಿಂತಿತ್ತು

ಪ್ರೀತಿಯ ದೋಸ್ತ,

ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಅದಕ್ಕೇ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ಸೈಕಲ್ಲಿನ ವಿಷಯ ಎತ್ತುವುದಿಲ್ಲ, ಹೆದರಬೇಡ.

ಕಲಬುರಗಿಯ ಬಿಸಿಲು ಹೇಗಿತ್ತೋ ಹಾಗೆಯೇ ಇದೆ, ಕುಡಿತ ಬಿಡಿಸುವ ಆಪ್ತಸಮಾಲೋಚಕನಾದ ನನ್ನ ಕೆಲಸವೂ. 2007ರಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಸೇಡಂ ಕಡೆಯಿಂದ ಬರುವವರು ಸೇಂದಿ ಎನ್ನುತ್ತಾರೆ. ಅದರಲ್ಲಿ ಈಚಲು ಮರದ್ದೆಷ್ಟು, ಮತ್ತೇರಲೆಂದು ಬೆರೆಸುವ ಸಿಎಚ್ ಪೌಡರಿನದೆಷ್ಟು (ಕ್ಲೋರಲ್ ಹೈಡ್ರೇಟ್) ಎಂದು ಕುಡಿದವನಿಗೂ ಗೊತ್ತಿರುವುದಿಲ್ಲ. ಬಿಟ್ಟ ಎರಡು ಮೂರನೆಯ ದಿನ ಕೈ ನಡುಗಿ, ಗೋಡೆಯ ಮೇಲೆ ಇಲ್ಲದ ಇರುವೆ ಕಂಡರೆ ಅದು ವೈದ್ಯರ ಪಾಲು. ನನ್ನ ಸರದಿ ಆಮೇಲೆ. ಸಾರಿನಲ್ಲಿ ಕಲೆಸಿ ಹಾಕುವ ಗುಳಿಗೆ ಕೊಡಿ ಎಂದು ಹೆಂಡತಿಯರು ಕೇಳುತ್ತಾರೆ. ತಿಳಿಯದೆ ಅದನ್ನು ನುಂಗಿದವನು ಮೇಲೆ ಕುಡಿದರೆ ಜೀವಕ್ಕೇ ಕುತ್ತು ಎಂದು ವಿವರಿಸಿದೆ. ಒಬ್ಬಾಕೆ ಸ್ವಲ್ಪ ಹೊತ್ತು ಯೋಚಿಸಿ, “ಎರಡು ಕೊಡಿ” ಎಂದಳು.

ಸೋಮವಾರ ಒಬ್ಬ ಬಂದ. (ಗುರುತೆಲ್ಲ ಬದಲಿಸಿದ್ದೇನೆ.) ಹನ್ನೊಂದು ತಿಂಗಳು ಮುಟ್ಟದಿದ್ದವನು. ಕಡೆಯ ಸಲ ಬಂದಾಗ ಕಳೆದುಹೋದ ತನ್ನ ಎತ್ತಿನ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ ಹೋಗಿದ್ದವನು. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಲೋಟ ಮೇಲೇಳದೆ ತಾನೇ ಬಗ್ಗಿ ತುಟಿ ತಾಗಿಸಿದ. ಬಿಡುವ ಮನಸ್ಸಿಗೆ ಹತ್ತರಲ್ಲಿ ಎಷ್ಟು ಅಂಕ ಎಂದೆ. ಮೂರು ಎಂದ. ಹತ್ತೇಕಲ್ಲ ಎಂದು ಕೇಳಬಾರದು. ಒಂದೇಕಲ್ಲ ಎಂದು ಕೇಳಬೇಕು, ಆಗ ತನ್ನ ಪರವಾಗಿ ತಾನೇ ವಾದಿಸುತ್ತಾನೆ. “ಒಂದಾಗಿದ್ದರೆ ಬಸ್ಸಿನ ದುಡ್ಡು ಯಾಕೆ ದಂಡ ಮಾಡಿಕೊಳ್ಳುತ್ತಿದ್ದೆ, ಸರ್?”

ಇಷ್ಟೇ ಬರೆದು ಮುಗಿಸಬೇಕೆಂದಿದ್ದೆ. ಆದರೆ ಅವನು ಬಾಗಿಲಲ್ಲಿ ಕಂಡಾಗ ನನಗೆ ಮೊದಲು ಆದದ್ದು ಸಂತೋಷ, ದೋಸ್ತ. ಮರುಕ ಆಮೇಲೆ ಬಂತು, ಕರೆದ ಮೇಲೆ. ಬಿಟ್ಟವರು ನನ್ನ ಬಳಿ ಬರುವುದಿಲ್ಲ. ಸೂಪರ್ ಮಾರ್ಕೆಟ್ ಬೀದಿಯಲ್ಲಿ ಎದುರಾದರೆ ರಸ್ತೆಯ ಆ ಬದಿಗೆ ಹೋಗುತ್ತಾರೆ. ಬೀಗರು ಜೊತೆಗಿರುವಾಗ ನನ್ನನ್ನು ಯಾರೆಂದು ಪರಿಚಯಿಸಬೇಕು ಪಾಪ? ಬಾರದಿರುವುದೇ ನನ್ನ ಕೆಲಸ ಕೈಗೂಡಿದ ಗುರುತು. ಹಾಗಿದ್ದೂ ಹನ್ನೊಂದು ತಿಂಗಳೂ ಆ ಕುರ್ಚಿಯಲ್ಲಿ ಅವನನ್ನೇ ಹುಡುಕಿದೆನಲ್ಲ, ಅವನು ಬೀಳಲಿ ಎಂದು ಕಾದಿದ್ದೆನೇ? ಮೂರು ರಾತ್ರಿಯಿಂದ ನಿದ್ದೆಯಿಲ್ಲ. ಮನೆಯಲ್ಲಿ ಸೊಳ್ಳೆ ಕಾಟ ಎಂದಿದ್ದೇನೆ. ಸುಳ್ಳು ಹೇಳುವ ಬಗೆಯನ್ನು ದಿನವೂ ಕುಡುಕರಿಂದ ಕೇಳುತ್ತೇನಲ್ಲ, ಸಲೀಸಾಗಿ ಬಂತು.

ಸಾಕು, ನೀನು ಆಗಲೇ ನಗುತ್ತಿರುತ್ತೀಯ. ಇದನ್ನು ಬರೆಯುವಾಗ ಆರನೆಯ ಚಹಾ. ಅದಕ್ಕೆ ಅಂಕ ಕೇಳಬೇಡ.

ಅಂದ ಹಾಗೆ, ಅವನ ಎತ್ತು ಸಿಕ್ಕಿತಂತೆ.

ನಿನ್ನ,
ಹದಿಮೂರನೆಯ ಮಿರ್ಚಿಯವನು