ಕಾಡಿನ ಕಿರುಅಳಿಲು ಊರಿನ ಅಳಿಲಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಕೊಡಗಿನ ಕಾಡಿನ ಚಿತ್ರವೊಂದರ ಕೆಳಗೆ ‘ಮೂರು ಪಟ್ಟೆಯ ಅಳಿಲು’ ಎಂದು ಅಚ್ಚಾಗಿತ್ತು. ಚಿತ್ರದಲ್ಲಿದ್ದುದು ಹೆಂಚಿನ ಮೇಲೆ ಓಡಾಡುವ ನಮ್ಮ ನಿತ್ಯದ ಅಳಿಲಲ್ಲ. ಮಸುಕು ಪಟ್ಟೆಯ ಕಿರುಅಳಿಲು, ವೈಜ್ಞಾನಿಕ ಹೆಸರಿನಲ್ಲಿ ಫುನಾಂಬುಲಸ್ ಸಬ್‌ಲಿನಿಯೇಟಸ್. ಹೆಸರು ತಪ್ಪಿದರೆ ಅದರ ನೆಲೆಯ ಲೆಕ್ಕವೂ ತಪ್ಪುತ್ತದೆಯೆಂಬ ಕಾರಣಕ್ಕೆ ಈ ಪತ್ರ.

1766ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಹೆಸರಿಟ್ಟ ಊರಿನ ಅಳಿಲಿನ ಬೆನ್ನ ಮೇಲೆ ಮೂರು ಬಿಳಿಯ ಗೀರುಗಳು ದೂರದಿಂದಲೇ ಎದ್ದು ಕಾಣುತ್ತವೆ. ಕಿರುಅಳಿಲು ನಮ್ಮ ಪಟ್ಟೆ ಅಳಿಲುಗಳಲ್ಲೆಲ್ಲ ಚಿಕ್ಕದು. ಮೈಬಣ್ಣ ಹಸಿರು ಬೆರೆತ ಗಾಢ ಕಂದು, ಗೀರುಗಳು ಮಂಕು, ದಟ್ಟ ತುಪ್ಪಳದಲ್ಲಿ ಅವನ್ನು ಹುಡುಕಿಯೇ ನೋಡಬೇಕು. ಎತ್ತರದ ಬೆಟ್ಟಗಳ ಹುಲ್ಲುಗಾವಲಿನ ನಡುವೆ ಬೆಳೆಯುವ ಶೋಲಾ ಕಾಡಿನ ಅಂಚಿನಲ್ಲಿ ನಾನು ಕಂಡದ್ದು ಮೊಣಕಾಲೆತ್ತರದ ಪೊದೆಯೊಳಗಿನಿಂದ ಸದ್ದಿಲ್ಲದೆ ಬಂದು, ಪಾಚಿ ಹಿಡಿದ ಕಾಂಡಕ್ಕೆ ಅಂಟಿಕೊಂಡು, ಮರುಗಳಿಗೆಯಲ್ಲಿ ಮರೆಯಾಯಿತು. ಮೊದಲು ಇಲಿಯೆಂದೇ ಭಾವಿಸಿದ್ದೆ. ಇದೇ ಪಶ್ಚಿಮಘಟ್ಟಗಳ ಇನ್ನೊಂದು ಪಟ್ಟೆ ಅಳಿಲಾದ ಫುನಾಂಬುಲಸ್ ಟ್ರೈಸ್ಟ್ರಿಯೇಟಸ್ ಗಾತ್ರದಲ್ಲಿ ದೊಡ್ಡದು, ಅದರ ಬಾಲದ ಅಡಿಭಾಗ ಕೆಂಪು; ಹಾಗಾಗಿ ಅದರೊಂದಿಗೂ ಗೊಂದಲವಾಗಬೇಕಿಲ್ಲ.

ವರ್ಗೀಕರಣದ ಕಥೆ ಇನ್ನೂ ಸ್ವಾರಸ್ಯಕರ. ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ವಾಟರ್‌ಹೌಸ್ 1838ರಲ್ಲಿ ಕಿರುಅಳಿಲಿನ ಪ್ರಭೇದವನ್ನು ವಿವರಿಸಿದರು. ಆಮೇಲೆ ಬಹುಕಾಲ ಶ್ರೀಲಂಕಾದ ಮಳೆಕಾಡುಗಳ ಕಿರುಅಳಿಲನ್ನೂ ಇದರದೇ ಉಪಪ್ರಭೇದವೆಂದು ಎಣಿಸಲಾಗುತ್ತಿತ್ತು. 2012ರಲ್ಲಿ ಸಂಶೋಧಕರಾದ ದಿಸ್ಸಾನಾಯಕೆ ಮತ್ತು ಒಶಿದಾ ಅವರ ಅಧ್ಯಯನ ಆ ದ್ವೀಪದ್ದನ್ನು ಫುನಾಂಬುಲಸ್ ಅಬ್ಸ್‌ಕ್ಯೂರಸ್ ಎಂಬ ಬೇರೆಯೇ ಪ್ರಭೇದವಾಗಿ ವಿಂಗಡಿಸಿತು. ಹಿಮಯುಗಗಳಲ್ಲಿ ಸಮುದ್ರಮಟ್ಟ ಇಳಿದಾಗ ಎರಡು ನೆಲಗಳ ನಡುವೆ ಹಾದಿ ತೆರೆದಿದ್ದುದು ನಿಜ. ಬಯಲಿಗೂ ತೋಟಕ್ಕೂ ಒಗ್ಗಿಕೊಂಡಿರುವ ಊರಿನ ಅಳಿಲು ಇಂದು ಎರಡೂ ಕಡೆ ಇದೆ. ಆದರೆ ತೇವದ ಕಾಡನ್ನು ಬಿಟ್ಟಿರದ ಕಿರುಅಳಿಲಿಗೆ ತಮಿಳುನಾಡಿನ ಮತ್ತು ಉತ್ತರ ಶ್ರೀಲಂಕಾದ ಒಣ ಬಯಲುಗಳು ಸಮುದ್ರದಷ್ಟೇ ದೊಡ್ಡ ಅಡ್ಡಿಯಾಗಿದ್ದಿರಬೇಕೆಂದು ನನಗೆ ತೋರುತ್ತದೆ.

ಹೀಗೆ ವಿಂಗಡಿಸಿದ ಮೇಲೆ ಸಬ್‌ಲಿನಿಯೇಟಸ್ ಪಾಲಿಗೆ ಉಳಿಯುವುದು ಪಶ್ಚಿಮಘಟ್ಟದ ದಕ್ಷಿಣ ಭಾಗ ಮಾತ್ರ: ಕೊಡಗು, ವಯನಾಡು, ನೀಲಗಿರಿ, ಆನೆಮಲೆ, ಪಳನಿ ಬೆಟ್ಟಗಳು. ಅಲ್ಲಿಯೂ ಅದಕ್ಕೆ ಬೇಕಾದದ್ದು ದಟ್ಟ ನಿತ್ಯಹರಿದ್ವರ್ಣ ಕಾಡು ಮತ್ತು ಶೋಲಾ. ಹೀಗಿದ್ದೂ ಪ್ರಕೃತಿ ಶಿಬಿರವೊಂದರ ಫಲಕದಲ್ಲಿ ‘ದಕ್ಷಿಣ ಭಾರತ ಹಾಗೂ ಶ್ರೀಲಂಕಾ’ ಎಂಬ ಹಳೆಯ ಸಾಲನ್ನೇ ಈಚೆಗೆ ಓದಿದೆ. ಎರಡು ಪ್ರಭೇದಗಳ ನೆಲೆಯನ್ನು ಒಂದರ ಖಾತೆಗೆ ಜಮಾ ಮಾಡಿದರೆ, ಅದು ಇರುವುದಕ್ಕಿಂತ ಹೆಚ್ಚು ಸುರಕ್ಷಿತವೆಂದು ಕಾಣುತ್ತದೆ.

ದಯವಿಟ್ಟು ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಪ್ರಕಟಿಸಿ. ಚಿತ್ರ ಕಳುಹಿಸುವ ಓದುಗರಿಂದ ಸ್ಥಳ, ಎತ್ತರ ಮತ್ತು ಕಾಡಿನ ಬಗೆಯನ್ನು ಕೇಳಿ ಪಡೆಯಿರಿ. ಸಾಧ್ಯವಾದರೆ ಬಾಲದ ಅಡಿಭಾಗ ಕಾಣುವ ಇನ್ನೊಂದು ಚಿತ್ರವನ್ನೂ.

— ಒಬ್ಬ ಓದುಗ