ಗ್ಯಾರಂಟಿಗೂ ಕಮ್ಯುನಿಸಂಗೂ ಏನು ನಂಟು?

ಮಾನ್ಯ ಸಂಪಾದಕರೇ,

ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಗಳಾದ ಗೃಹಲಕ್ಷ್ಮಿಯ 2,000 ರೂಪಾಯಿ ಹಾಗೂ ಮಹಿಳೆಯರ ಉಚಿತ ಬಸ್ ಪ್ರಯಾಣದ ಕುರಿತು ನಿಮ್ಮ ಓದುಗರ ಅಂಕಣದಲ್ಲಿ ನಡೆದಿರುವ ವಾಗ್ವಾದವನ್ನು ಗಮನಿಸುತ್ತಿದ್ದೇನೆ. ಒಬ್ಬರು ಇದನ್ನು ಕಮ್ಯುನಿಸಂ ಎಂದು ಜರಿದರೆ, ಉತ್ತರ ಬರೆದವರು ಅವರನ್ನು ಬಂಡವಾಳಶಾಹಿಗಳ ಬಾಲಬಡುಕ ಎಂದು ಹಳಿದಿದ್ದಾರೆ. ಯೋಜನೆಗಳು ಬೇಕೇ ಬೇಡವೇ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಆದರೆ ಪದವಿಪೂರ್ವ ತರಗತಿಗಳಿಗೆ ದೀರ್ಘಕಾಲ ಅರ್ಥಶಾಸ್ತ್ರ ಬೋಧಿಸಿದವನಾಗಿ, ಇಬ್ಬರೂ ಬಳಸಿದ ಪದಗಳೇ ತಪ್ಪು ಎಂದು ಹೇಳದೆ ಇರಲಾರೆ.

ಬಂಡವಾಳವಾದ, ಸಮಾಜವಾದ, ಕಮ್ಯುನಿಸಂ ಎಂಬ ವಾದಗಳ ಮೂಲ ತಕರಾರು ಒಡೆತನದ್ದು. ಹೊಲ, ಗಿರಣಿ, ಗಣಿಗಳು ಖಾಸಗಿಯವರ ಕೈಯಲ್ಲಿದ್ದು, ಏನನ್ನು ಎಷ್ಟು ತಯಾರಿಸಬೇಕೆಂಬುದನ್ನು ಲಾಭದ ಲೆಕ್ಕವೂ ಪೇಟೆಯ ಪೈಪೋಟಿಯೂ ತೀರ್ಮಾನಿಸಿದರೆ ಅದು ಬಂಡವಾಳವಾದ. ಅವುಗಳಲ್ಲಿ ಮುಖ್ಯವಾದವು ಸಮಾಜದ ಒಡೆತನಕ್ಕೆ ಬರಬೇಕೆನ್ನುವುದು ಸಮಾಜವಾದ. ವರ್ಗಗಳೂ ಕೊನೆಗೆ ಸರ್ಕಾರವೂ ಇಲ್ಲವಾಗುವ ಸ್ಥಿತಿಯನ್ನು ಮಾರ್ಕ್ಸ್‌ವಾದಿಗಳು ಕಮ್ಯುನಿಸಂ ಎಂದು ಕರೆದರು. ಆ ಹೆಸರಿನ ಪಕ್ಷಗಳು ಆಳಿದ ದೇಶಗಳಲ್ಲಿ ಸರ್ಕಾರ ಕರಗುವ ಬದಲು ಊದಿಕೊಂಡಿತು ಎಂಬುದು ಬೇರೆ ಮಾತು.

ತೆರಿಗೆ ಎತ್ತಿ ಅದರಲ್ಲೊಂದು ಪಾಲನ್ನು ಮನೆಗಳಿಗೆ ಕೊಟ್ಟ ಮಾತ್ರಕ್ಕೆ ಯಾವ ಗಿರಣಿಯ ಒಡೆಯನೂ ಬದಲಾಗುವುದಿಲ್ಲ. ಇದಕ್ಕೆ ಕಲ್ಯಾಣ ರಾಜ್ಯ ಎಂಬ ಬೇರೆಯೇ ಹೆಸರಿದೆ. ಇದಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್. 1878ರಲ್ಲಿ ಸಮಾಜವಾದಿಗಳ ಸಭೆ, ಪತ್ರಿಕೆಗಳನ್ನು ನಿಷೇಧಿಸುವ ಕಾನೂನು ತಂದ ಅದೇ ಮನುಷ್ಯ, ಕಾರ್ಮಿಕರು ಅವರ ಕಡೆ ವಾಲದಿರಲಿ ಎಂದು 1883ರಲ್ಲಿ ಆರೋಗ್ಯ ವಿಮೆಯನ್ನೂ 1889ರಲ್ಲಿ ವೃದ್ಧಾಪ್ಯ ಪಿಂಚಣಿಯನ್ನೂ ಜಾರಿಗೊಳಿಸಿದ. ಇನ್ನು ಸರ್ಕಾರಿ ಕಾರ್ಖಾನೆ ಕಂಡಲ್ಲೆಲ್ಲ ಸಮಾಜವಾದ ಎನ್ನುವಂತೆಯೂ ಇಲ್ಲ: 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ತೆಗೆದದ್ದೂ, ಆಮೇಲೆ ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಿದ್ದೂ ಮಹಾರಾಜರ ಸರ್ಕಾರವೇ.

ನಮ್ಮ ಮನೆಯಲ್ಲಿ ಎರಡು ಸೀಮೆಹಸುಗಳಿವೆ. ಬೆಳಗಿನ ಆರಕ್ಕೆ ಕ್ಯಾನು ಹಿಡಿದು ಡೇರಿಯ ಮುಂದೆ ಸಾಲಿನಲ್ಲಿ ನಿಂತಾಗಲೆಲ್ಲ, ತರಗತಿಯಲ್ಲಿ ಕಪ್ಪುಹಲಗೆ ತುಂಬ ಬರೆದು ವಿವರಿಸಿದ್ದೆಲ್ಲ ಈ ಕ್ಯಾನಿನಲ್ಲೇ ಇದೆಯಲ್ಲ ಎನಿಸುತ್ತದೆ. ಹಸು ನನ್ನದು, ಹಿಂಡಿ-ಬೂಸಾದ ಖರ್ಚು ನನ್ನದು, ಕರು ಸತ್ತರೆ ನಷ್ಟವೂ ನನ್ನದೇ. ಅಷ್ಟರ ಮಟ್ಟಿಗೆ ನಾನು ಖಾಸಗಿ ಒಡೆಯ. ಹಾಲನ್ನು ಅಳೆದು, ಫ್ಯಾಟು ನೋಡಿ ಚೀಟಿ ಕೊಡುವ ಸಂಘ ಸದಸ್ಯರೆಲ್ಲರದು. ಕೊಟ್ಟಿಗೆ ತುಂಬ ಹಸು ಕಟ್ಟಿದವನಿಗೂ ಒಂದೇ ಹಸುವನ್ನು ನಂಬಿ ಬದುಕುವ ಹೆಣ್ಣುಮಗಳಿಗೂ ಅಲ್ಲಿ ಒಂದೊಂದೇ ಮತ. ಕಂಪನಿಯಲ್ಲಾದರೆ ಷೇರು ಹೆಚ್ಚಿದಷ್ಟೂ ಮತ ಹೆಚ್ಚು. ಇದು ಸಹಕಾರ ತತ್ವ. ನಮ್ಮ ನಾಡಿನಲ್ಲಿ ಇದರ ಬೇರು 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘದಲ್ಲಿದೆ. ಡೇರಿಯ ಬಟವಾಡೆಯಲ್ಲದೆ ಲೀಟರಿಗೆ 5 ರೂಪಾಯಿಯ ಪ್ರೋತ್ಸಾಹಧನ ಸರ್ಕಾರದಿಂದ ಬರುತ್ತದೆ, ಅದು ಕಲ್ಯಾಣ ರಾಜ್ಯ. ಇದೇ ಹಾಲು ಪ್ಯಾಕೆಟ್ಟಾಗಿ ಅಂಗಡಿ ಸೇರಿದ ಮೇಲೆ ಖಾಸಗಿ ಡೇರಿಗಳ ಪ್ಯಾಕೆಟ್ಟಿನ ಪಕ್ಕ ಕೂತು ಗಿರಾಕಿಗಾಗಿ ಪೈಪೋಟಿ ನಡೆಸಬೇಕು, ಅದು ಮಾರುಕಟ್ಟೆ. ಆದರೂ 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿದಾಗ ಅದಕ್ಕೆ ಒಪ್ಪಿಗೆ ಕೊಟ್ಟದ್ದು ಸಚಿವ ಸಂಪುಟ. ಇದನ್ನೆಲ್ಲ ನನ್ನಿಂದ ಕೇಳಿಸಿಕೊಂಡ ಹುಡುಗನೊಬ್ಬ ಸಾಲಿನಲ್ಲೇ ಪ್ರಶ್ನಿಸಿದ: “ಹಂಗಾರೆ ಸಾ, ನಮ್ ಡೇರಿ ಯಾವ್ ಪಾರ್ಟಿದು?”

ಪಕ್ಷಗಳನ್ನು ಗುರುತಿಸಲು ಬಳಸುವ ಎಡ, ಬಲ ಎಂಬ ಮಾತುಗಳು 1789ರ ಫ್ರಾನ್ಸಿನ ಸಭೆಯಲ್ಲಿ ಯಾರು ಎತ್ತ ಕುಳಿತಿದ್ದರು ಎಂಬುದರಿಂದ ಹುಟ್ಟಿದವು. ಅವುಗಳಿಂದ ಆ ಹುಡುಗನಿಗೆ ಉತ್ತರ ಕೊಡಲಾಗದು. ಆಳ್ವಿಕೆಯ ರೀತಿಯೂ ಆರ್ಥಿಕ ವಾದವೂ ಜೊತೆಯಾಗಿಯೇ ಸಾಗಬೇಕೆಂಬ ನಿಯಮವಿಲ್ಲ: ಚಿಲಿಯಲ್ಲಿ ಪಿನೋಶೆಯ ಸೇನಾಡಳಿತ ಮುಕ್ತ ಮಾರುಕಟ್ಟೆಯನ್ನು ತಂದರೆ, ಸ್ವೀಡನ್ನಿನ ಪ್ರಜಾಪ್ರಭುತ್ವ ಕೈಗಾರಿಕೆಗಳನ್ನು ಬಹುಪಾಲು ಖಾಸಗಿಯಾಗಿಯೇ ಬಿಟ್ಟು ಭಾರೀ ತೆರಿಗೆ ಎತ್ತಿತು.

ನಮ್ಮ ಸಂವಿಧಾನದ ಪ್ರಸ್ತಾವನೆಯಲ್ಲೇ ‘ಸಮಾಜವಾದಿ’ ಎಂದಿದೆಯಲ್ಲ ಎಂದು ಯಾರಾದರೂ ಕೇಳಬಹುದು, ಅದು ನ್ಯಾಯವಾದ ಪ್ರಶ್ನೆ. 1948ರಲ್ಲಿ ಸಂವಿಧಾನ ರಚನಾ ಸಭೆಯ ಸದಸ್ಯ ಕೆ.ಟಿ. ಷಾ ಅವರು ಈ ಪದವನ್ನು ಸಂವಿಧಾನದಲ್ಲಿ ಸೇರಿಸಲು ಸೂಚಿಸಿದಾಗ, ಸಮಾಜವನ್ನು ಹೇಗೆ ಸಂಘಟಿಸಬೇಕೆಂಬುದನ್ನು ಆಯಾ ಕಾಲದ ಜನರೇ ನಿರ್ಧರಿಸಲಿ ಎಂದು ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. 1976ರ 42ನೇ ತಿದ್ದುಪಡಿಯಿಂದ ಅದು ಪ್ರಸ್ತಾವನೆಯನ್ನು ಸೇರಿತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆಯಲು ನಿರಾಕರಿಸುತ್ತಲೇ, ಭಾರತದ ಸಂದರ್ಭದಲ್ಲಿ ಅದರ ಅರ್ಥ ಕಲ್ಯಾಣ ರಾಜ್ಯ, ಖಾಸಗಿ ಉದ್ಯಮಕ್ಕೆ ಅದು ಅಡ್ಡಿಯಲ್ಲ ಎಂದಿತು. ಪದಗಳು ಸಡಿಲಗೊಂಡಿರುವುದು ಓದುಗರಿಂದ ಮಾತ್ರವೇ ಅಲ್ಲ ಎಂಬುದನ್ನು ನಾನೂ ಒಪ್ಪಬೇಕಾಗುತ್ತದೆ.

ಗ್ಯಾರಂಟಿಗಳಿಂದ ಬೊಕ್ಕಸ ಬರಿದಾಗುತ್ತದೆ ಎನ್ನುವವರು ಆ ಲೆಕ್ಕವನ್ನೇ ಹಿಡಿದು ಬರೆಯಲಿ, ಬೇಕೆನ್ನುವವರೂ ಲೆಕ್ಕದಿಂದಲೇ ಉತ್ತರಿಸಲಿ. ತಮ್ಮ ವರದಿಗಾರರು ಒಂದು ಯೋಜನೆಗೆ ಎಡ, ಬಲ ಎಂಬ ಹಣೆಪಟ್ಟಿ ಅಂಟಿಸುವ ಮೊದಲು ಒಡೆತನ ಯಾರದು, ಬೆಲೆ ಕಟ್ಟುವವರು ಯಾರು, ಹಣ ಯಾರ ಜೇಬಿನದು ಎಂಬ ಮೂರನ್ನು ತಿಳಿಸಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ,
ಮಂಡ್ಯ ಜಿಲ್ಲೆ